47 ಅಲ್ಲ ಸಾರ್, 0047

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಡೈರಿ ಕಾರ್ಯದರ್ಶಿಗಳ ಫೋನು. "ಸಾರ್, ಹೊಸ ಮೆಂಬರ್ ಸೇರ್ಸಕ್ಕಾಯ್ತಿಲ್ಲ. ಸೇವ್ ಒತ್ತಿದ್ರೆ ಬಿಳೀ ಪುಟ ಬತ್ತದೆ, ಐನೂರು ಅಂತ ಬರ್ದದೆ. ಐನೂರು ರೂಪಾಯಿ ಏನಾರ ಕಟ್ಬೇಕಿತ್ತಾ?"

500 ಅಂದರೆ ಸರ್ವರಿನಲ್ಲಿ ಏನೋ ಕೆಟ್ಟಿದೆ ಅನ್ನುವ ಸಂಕೇತ. ಕಟ್ಟಬೇಕಾದವರು ನಾವು, ಅವರಲ್ಲ. ಆದರೆ ಅದು ಗೊತ್ತಾಗಲು ಮಧ್ಯಾಹ್ನ ಆಯಿತು. ಮುಂದಿನ ಎರಡು ವಾರದಲ್ಲಿ ಆ ಐನೂರರ ಬಾಲ ಹಿಡಿದುಕೊಂಡು ಇನ್ನೂ ಮೂರು ತೊಂದರೆ ಬಂದವು. ಎಲ್ಲವನ್ನೂ ಒಟ್ಟಿಗೆ ಬರೆದಿಡುತ್ತಿದ್ದೇನೆ. ಊರಿನ ಹೆಸರು ಬೇಡ. ಸದಸ್ಯರ ಹೆಸರು, ನಂಬರುಗಳನ್ನು ಬದಲಿಸಿದ್ದೇನೆ.

ತುಮಕೂರು ಕಡೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘ. ಊರಿನವರ ಬಾಯಲ್ಲಿ ಬರೀ ಡೈರಿ. ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ಮಷೀನು ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ಹಿಡಿದು ದರ, ಮೊತ್ತ ಲೆಕ್ಕ ಹಾಕಿ ಒಂದು ಕಡತಕ್ಕೆ ಬರೆಯುತ್ತದೆ. ಆ ಕಡತವನ್ನು ಓದಿ ಚೀಟಿ ಮುದ್ರಿಸುವುದು, ಸದಸ್ಯರ ಪಟ್ಟಿ ಇಡುವುದು, ಬಟವಾಡೆಯ ಲೆಕ್ಕ ತೆಗೆಯುವುದು ನಮ್ಮ ಸಾಫ್ಟ್‌ವೇರಿನ ಕೆಲಸ. ಪೈಥಾನ್ ಭಾಷೆಯಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟುವ ಚೌಕಟ್ಟು ಜಾಂಗೋ 3.2, ಹಿಂದೆ ಡೇಟಾಬೇಸಾಗಿ ಪೋಸ್ಟ್‌ಗ್ರೆಸ್. ಕಚೇರಿ ಕೆಲಸಕ್ಕೆ ಬೇರೆ ಪರದೆ ಕಟ್ಟುವ ಗೋಜಿಗೆ ಹೋಗದೆ ಜಾಂಗೋ ಜೊತೆಗೇ ಬರುವ ಅಡ್ಮಿನ್ ಪುಟಗಳನ್ನೇ ಕೊಟ್ಟಿದ್ದೆವು. ಕೆಲಸ ಮಾಡುವವರು ನಾನು ಮತ್ತು ಒಬ್ಬ ಹುಡುಗ. ಹುಡುಗ ಅಂದರೆ ಚುರುಕು, ಕಾಲೇಜು ಮುಗಿಸಿ ಎರಡು ವರ್ಷ.

ಹಿಂದಿನ ಶುಕ್ರವಾರ ಕಾರ್ಯದರ್ಶಿಗಳು ಒಂದು ಬೇಡಿಕೆ ಇಟ್ಟಿದ್ದರು. ತಿದ್ದುಪಡಿ ಪುಟದಲ್ಲಿ ಸದಸ್ಯರನ್ನು ಆರಿಸುವ ಡ್ರಾಪ್‌ಡೌನ್‌ನಲ್ಲಿ ಬರೀ ಹೆಸರು ಬರುತ್ತಿತ್ತು. ಊರಲ್ಲಿ ಲಕ್ಷ್ಮಮ್ಮ ಅನ್ನುವವರು ನಾಲ್ಕು ಜನ. ಯಾವ ಲಕ್ಷ್ಮಮ್ಮನ ಲೀಟರ್ ತಿದ್ದಬೇಕು ಅಂತ ತಿಳಿಯುವುದಿಲ್ಲ, ಹೆಸರಿನ ಬದಲು ನಂಬರ್ ಬರಲಿ ಅಂದರು. ಜಾಂಗೋದಲ್ಲಿ ಒಂದು ಮಾಡೆಲ್ (ಸದಸ್ಯ ಅನ್ನುವಂಥ ಒಂದು ಬಗೆಯ ದಾಖಲೆಯ ನಮೂನೆ) ತನ್ನನ್ನು ಮನುಷ್ಯರಿಗೆ ಹೇಗೆ ತೋರಿಸಿಕೊಳ್ಳಬೇಕು ಅನ್ನುವುದನ್ನು ನಿರ್ಧರಿಸುವುದು ಒಂದೇ ಒಂದು ಮೆಥಡ್, ಅಂದರೆ ಅದಕ್ಕೆ ಸೇರಿದ ಕೋಡಿನ ತುಣುಕು: ಎರಡು ಅಂಡರ್‌ಸ್ಕೋರ್, ಎಸ್‌ಟಿಆರ್, ಮತ್ತೆ ಎರಡು ಅಂಡರ್‌ಸ್ಕೋರ್. ನಾವು ಮಾತಿನಲ್ಲಿ ಡಂಡರ್ ಎಸ್‌ಟಿಆರ್ ಅನ್ನುತ್ತೇವೆ. ಅದರಲ್ಲಿ ಹೆಸರು ವಾಪಸ್ ಕೊಡುವ ಸಾಲಿತ್ತು. ಹುಡುಗ ಹೆಸರನ್ನು ಅಳಿಸಿ ಸದಸ್ಯ ಸಂಖ್ಯೆ ಅಂತ ಹಾಕಿದ. ಒಂದು ಪದದ ಬದಲಾವಣೆ. ನಾನೂ ನೋಡಿ ಸರಿ ಅಂದೆ.

ಸರ್ವರ್ ಲಾಗ್‌ನಲ್ಲಿ ಇದ್ದದ್ದು ಇಷ್ಟು: ಟೈಪ್‌ಎರರ್, ಡಂಡರ್ ಎಸ್‌ಟಿಆರ್ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಲ್ಲದ್ದನ್ನು ವಾಪಸ್ ಕೊಟ್ಟಿದೆ, ಅದರ ಟೈಪು ಇಂಟ್ (ಪೂರ್ಣಾಂಕ).

ಸದಸ್ಯ ಸಂಖ್ಯೆ ಇಂಟಿಜರ್ ಫೀಲ್ಡ್, ಅಂದರೆ ಪೂರ್ಣಾಂಕ ಇಡುವ ಜಾಗ. ಹಾಗಾಗಿ ಆ ಮೆಥಡ್ ವಾಪಸ್ ಕೊಡುತ್ತಿದ್ದದ್ದು 47 ಅನ್ನುವ ಸಂಖ್ಯೆ; 4, 7 ಎಂಬ ಎರಡು ಅಕ್ಷರಗಳ ಸಾಲಲ್ಲ. ಪೈಥಾನ್ ಇಲ್ಲಿ ತುಂಬ ಕಟ್ಟುನಿಟ್ಟು. ಪ್ರಿಂಟ್‌ಗೆ ಬರೀ 47 ಕೊಟ್ಟರೆ ಅದೇ ಸ್ಟ್ರಿಂಗ್ ಮಾಡಿಕೊಂಡು ಮುದ್ರಿಸುತ್ತದೆ. ಅದನ್ನೇ ನೋಡಿ ಅಭ್ಯಾಸವಾದ ಕೈಗೆ, ಎಲ್ಲ ಕಡೆ ಹಾಗೇ ನಡೆಯುತ್ತದೆ ಅನ್ನಿಸಿಬಿಡುತ್ತದೆ. ಆದರೆ "ನಿನ್ನ ಬರಹರೂಪ ಕೊಡು" ಅಂತ ಕೇಳಿದಾಗ ವಸ್ತು ಸಂಖ್ಯೆಯನ್ನು ಕೈಗಿತ್ತರೆ ಪೈಥಾನ್ ಅದನ್ನು ಮತ್ತೊಮ್ಮೆ ಪರಿವರ್ತಿಸುವುದಿಲ್ಲ, ಅಲ್ಲೇ ನಿಲ್ಲಿಸುತ್ತದೆ. ಜಾವಾಸ್ಕ್ರಿಪ್ಟ್ ಇಷ್ಟು ತಕರಾರು ಮಾಡುವುದಿಲ್ಲ. ಅಲ್ಲಿ ಟು-ಸ್ಟ್ರಿಂಗ್ ಸಂಖ್ಯೆ ಕೊಟ್ಟರೂ ಕೊನೆಗೆ ಸ್ಟ್ರಿಂಗ್ ಆಗಿ ಹೊರಬರುತ್ತದೆ. ರೂಬಿ ಇನ್ನೊಂದು ಥರ. ಸ್ಟ್ರಿಂಗ್ ಒಳಗೆ ಸೇರಿಸುವಾಗ ಟು-ಎಸ್ ಸರಿಯಾದದ್ದನ್ನು ಕೊಡದಿದ್ದರೆ ತೆಪ್ಪಗೆ ಕ್ಲಾಸಿನ ಹೆಸರಿರುವ ಒಂದು ಡೀಫಾಲ್ಟ್ ಬರಹ ಅಂಟಿಸುತ್ತದೆ. ನನ್ನನ್ನು ಕೇಳಿದರೆ ಪೈಥಾನ್ ಮಾಡಿದ್ದೇ ಸರಿ. ಸೋಮವಾರ ಬೆಳಿಗ್ಗೆ ಮಾತ್ರ ಹಾಗನ್ನಿಸಲಿಲ್ಲ.

ಸರಿ, ಒಂದು ಪದದ ತಪ್ಪು. ಆದರೆ ಇಬ್ಬರು ನೋಡಿಯೂ ಅದು ಹೇಗೆ ದಾಟಿತು? ಹುಡುಗನ ಮಾತು: "ಅಣ್ಣಾ, ನನ್ ಮಷೀನಲ್ಲಿ ಚೆನ್ನಾಗೇ ಬಂತು. ಶೆಲ್‌ನಲ್ಲೂ ನೋಡ್ದೆ, ಪಟ್ಟಿ ಪುಟಾನೂ ತೆಗೆದು ನೋಡ್ದೆ."

ಶೆಲ್ ಅಂದರೆ ಕೋಡನ್ನು ಸಾಲುಸಾಲಾಗಿ ಓಡಿಸಿ ನೋಡುವ ಪರದೆ. ಅವನು ಹೇಳಿದ್ದು ಎರಡೂ ನಿಜ. ಪಟ್ಟಿ ಪುಟ ಬಂದದ್ದಕ್ಕೆ ಕಾರಣ ಸರಳ: ಅಲ್ಲಿ ನಾವು ಸಂಖ್ಯೆ, ಹೆಸರು, ಫೋನು ಅಂತ ಕಾಲಂಗಳನ್ನು ಹೆಸರಿಸಿ ಕೊಟ್ಟಿದ್ದೆವು. ಏನೂ ಕೊಡದಿದ್ದರೆ ಅಡ್ಮಿನ್ ತಾನಾಗಿ ಡಂಡರ್ ಎಸ್‌ಟಿಆರ್ ಕರೆದು ಒಂದೇ ಕಾಲಂ ತೋರಿಸುತ್ತದೆ, ಆಗ ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಬ್ಬ ಸದಸ್ಯನ ಪುಟ ತೆರೆದಿದ್ದರೂ ಸಿಗುತ್ತಿತ್ತು, ಏಕೆಂದರೆ ತಲೆಬರಹದಲ್ಲಿ ಆ ದಾಖಲೆಯ ಬರಹರೂಪ ಬೇಕು. ಅವನು ತೆರೆದಿರಲಿಲ್ಲ. ಶೆಲ್‌ನಲ್ಲಿ ಹೇಗೆ ಬಂತು ಅನ್ನುವುದು ಮಾತ್ರ ಆ ದಿನ ನನಗೆ ಹೊಳೆಯಲಿಲ್ಲ. ಅದನ್ನು ಬದಿಗಿಟ್ಟು ಮುಂದೆ ಹೋದೆ. ಹೋಗಬಾರದಿತ್ತು.

ಇನ್ನೊಂದು ಪ್ರಶ್ನೆ: ಕಾರ್ಯದರ್ಶಿಗಳು ಒತ್ತಿದ ಸೇವ್ ಏನಾಯಿತು? ಪುಟ ಕೆಟ್ಟರೂ ಸದಸ್ಯ ಸೇರಿರಬಹುದು ಅಂತ ಭಯಪಟ್ಟೆ. ಸೇರಿರಲಿಲ್ಲ. ಅಡ್ಮಿನ್ ಹೊಸ ದಾಖಲೆ ಸೇರಿಸಿದ ಮೇಲೆ "ಯಾರು, ಏನು ಸೇರಿಸಿದರು" ಎಂದು ತನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಆ ದಿನಚರಿಗೆ ದಾಖಲೆಯ ಬರಹರೂಪ ಬೇಕು. ಅಲ್ಲಿ ಎಡವಿತು. ಇಡೀ ಕೆಲಸ ಒಂದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ) ಒಳಗೆ ಇರುವುದರಿಂದ ಸದಸ್ಯನನ್ನೂ ಹಿಂದಕ್ಕೆ ಎಳೆದುಕೊಂಡಿತು. ಆದರೆ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ದಾಖಲೆಗಳಿಗೆ ಐಡಿ ಹಂಚುವ ಎಣಿಕೆ) ಹಿಂದಕ್ಕೆ ಬರುವುದಿಲ್ಲ. ಬಳಸಿದ ಐಡಿ ಬಳಸಿದ್ದೇ. ಸರಿಮಾಡಿದ ಮೇಲೆ ಸೇರಿದ ಹೊಸ ಸದಸ್ಯನ ಐಡಿ ನೋಡಿದರೆ 438 ಆದಮೇಲೆ ನೇರ 450. ನಡುವೆ ಹನ್ನೊಂದು ಮಾಯ. ಪಾಪ, ಅವರು ನನಗೆ ಫೋನು ಮಾಡುವ ಮುಂಚೆ ಹನ್ನೊಂದು ಸಲ ಸೇವ್ ಒತ್ತಿದ್ದರು.

ದುರಸ್ತಿ ಎರಡು ನಿಮಿಷದ್ದು. ಸಂಖ್ಯೆಯನ್ನು ಎಸ್‌ಟಿಆರ್ ಒಳಗೆ ಸುತ್ತಿದರೆ ಮುಗಿಯಿತು. ಇಂಟರ್ನೆಟ್ಟಿನಲ್ಲಿ ಇದನ್ನೇ ಹುಡುಕಿದವರಿಗೆ ಡಂಡರ್ ಯುನಿಕೋಡ್ ಬರೆಯಿರಿ ಅನ್ನುವ ಹಳೆಯ ಉತ್ತರಗಳೂ ಸಿಗುತ್ತವೆ. ಅವು ಪೈಥಾನ್ 2ರ ಕಾಲದವು. 2017ರ ಡಿಸೆಂಬರಿನಲ್ಲಿ ಬಂದ ಜಾಂಗೋ 2.0 ಪೈಥಾನ್ 2 ಅನ್ನು ಕೈಬಿಟ್ಟಿತು. ಈಗ ಆ ಮೆಥಡ್ ಬರೆದರೆ ಯಾರೂ ಕರೆಯುವುದಿಲ್ಲ, ತಪ್ಪೂ ಹೇಳುವುದಿಲ್ಲ.

ಮಧ್ಯಾಹ್ನ ಮತ್ತೆ ಫೋನು. "ಸಾರ್, ಈಗ ಬತ್ತದೆ. ಆದ್ರೆ 47 ಅಂತ ಬತ್ತದೆ. ನಮ್ಮಲ್ಲಿ 47 ಅನ್ನೋ ಮೆಂಬರ್ ಇಲ್ಲ. 0047 ಅವ್ರೆ."

ಮೊದಲು ನಗು ಬಂತು. ಮುಂದೆ ಸೊನ್ನೆ ಸೇರಿಸಿ ನಾಲ್ಕಂಕಿ ಮಾಡಿ ತೋರಿಸಿದರಾಯಿತು, ಫಾರ್ಮ್ಯಾಟ್ ಮಾಡುವ ಸಾಲಿನಲ್ಲಿ ಮೂರು ಅಕ್ಷರ ಜಾಸ್ತಿ. ಬಾಯಿ ತಪ್ಪಿ ಕೇಳಿದೆ, ಎಲ್ಲರದ್ದೂ ನಾಲ್ಕಂಕಿಯೇನಾ ಅಂತ. "ಎಲ್ಲಾರ್ದೂ ನಾಕೇ. ಈ ಭಾಗ ಆದೋರ್ದು ಬಿಟ್ಟು."

ಭಾಗ ಆದವರು ಅಂದರೆ: ಮನೆ ಭಾಗವಾದಾಗ ಅಪ್ಪನ ನಂಬರು ಒಬ್ಬ ಮಗನಿಗೆ ಉಳಿದು, ಇನ್ನೊಬ್ಬನಿಗೆ 47/1 ಅಂತ ಕೊಡುವುದು. ಈ ಸಂಘದಲ್ಲಿ ಹಾಗೆ ಮಾಡಿಕೊಂಡು ಬಂದಿದ್ದಾರೆ. ಥೇಟ್ ಜಮೀನಿನ ಸರ್ವೆ ನಂಬರಿನ ಹಾಗೆ. ಸರ್ವೆ ನಂಬರು 112/2ಎ ಇದ್ದರೆ ಅದನ್ನು ಯಾರಾದರೂ ಕೂಡುತ್ತಾರೆಯೇ, ಕಳೆಯುತ್ತಾರೆಯೇ, ಸರಾಸರಿ ತೆಗೆಯುತ್ತಾರೆಯೇ? ಹಾಗಾದರೆ ನಮ್ಮ ಇಂಟಿಜರ್ ಫೀಲ್ಡಿನಲ್ಲಿ 47/1 ಹೇಗೆ ಕೂತಿತ್ತು? ಕೂತಿರಲಿಲ್ಲ. ಶುರುವಿನಲ್ಲಿ ಪಟ್ಟಿ ತುಂಬಿದವರು, ಓರೆಗೆರೆ ಹಾಕಿದರೆ ಪುಟ ಬೈಯುತ್ತದೆ ಅಂತ, 471 ಎಂದು ತುಂಬಿ ಮುಂದೆ ಹೋಗಿದ್ದರು. ಸಂಘದ ಸದಸ್ಯ ಸಂಖ್ಯೆ ಆಗ ಇನ್ನೂ 430ರ ಆಸುಪಾಸು. ಒಂದೆರಡು ವರ್ಷದಲ್ಲಿ ನಿಜವಾದ 471 ಬಂದು ಬಾಗಿಲು ತಟ್ಟುತ್ತಿದ್ದ, ಆ ಜಾಗದಲ್ಲಿ ಆಗಲೇ ಯಾರೋ ಕೂತಿರುತ್ತಿದ್ದರು. ಸದಸ್ಯರ ರಿಜಿಸ್ಟರ್ ಪಕ್ಕಕ್ಕಿಟ್ಟುಕೊಂಡು ಅರ್ಧ ದಿನ ಕೂತು ಹುಡುಕಿದಾಗ ಇಂಥವು ಹದಿಮೂರು ಸಿಕ್ಕವು.

ಈ ಪ್ರಕರಣದಲ್ಲಿ ನನ್ನ ನಿಜವಾದ ತಪ್ಪು ಇದು, ಶುಕ್ರವಾರದ ಒಂದು ಪದ ಅಲ್ಲ. ಎರಡು ವರ್ಷದ ಹಿಂದೆ ಮಾಡೆಲ್ ಬರೆಯುವಾಗ "ಸದಸ್ಯ ಸಂಖ್ಯೆ" ಅನ್ನುವ ಹೆಸರಲ್ಲಿ ಸಂಖ್ಯೆ ಅಂತ ಇದೆಯಲ್ಲ ಅಂತ ಇಂಟಿಜರ್ ಹಾಕಿದ್ದೆ. ಅದು ಅಂಕಿಗಳಲ್ಲಿ ಬರೆದ ಹೆಸರು.

ಬದಲಾಯಿಸಿದೆವು. ಇಂಟಿಜರ್ ಫೀಲ್ಡನ್ನು ಕ್ಯಾರೆಕ್ಟರ್ ಫೀಲ್ಡ್ ಮಾಡಿ ಮೈಗ್ರೇಶನ್ (ಡೇಟಾಬೇಸನ್ನು ಬದಲಿಸುವ ಕೋಡು) ಓಡಿಸಿದರೆ ಪೋಸ್ಟ್‌ಗ್ರೆಸ್ 47ನ್ನು ಎರಡಕ್ಷರದ ಸ್ಟ್ರಿಂಗ್ ಮಾಡುತ್ತದೆ, ಅಷ್ಟೇ. ಸೊನ್ನೆಗಳನ್ನು ನಾವೇ ಇನ್ನೊಂದು ಮೈಗ್ರೇಶನ್‌ನಲ್ಲಿ ತುಂಬಿದೆವು, ಹದಿಮೂರು ಭಾಗದ ನಂಬರುಗಳನ್ನು ಕೈಯಾರೆ ತಿದ್ದಿದೆವು. ಸೊನ್ನೆ ತುಂಬುವುದು ಬರೀ ಚಂದಕ್ಕಲ್ಲ. ಸ್ಟ್ರಿಂಗ್ ಆದ ಮೇಲೆ ವಿಂಗಡಣೆ ಅಕಾರಾದಿ ಥರ ನಡೆಯುತ್ತದೆ. 10 ಅನ್ನುವುದು 9ಕ್ಕಿಂತ ಮುಂಚೆ ಬರುತ್ತದೆ. 0009, 0010 ಅಂತಿದ್ದರೆ ಆ ತಾಪತ್ರಯವಿಲ್ಲ, 0047/1 ಕೂಡ 0047 ಮತ್ತು 0048ರ ನಡುವೆ ಬಂದು ಕೂರುತ್ತದೆ. ಊರಿನ ಯಾರೋ ಹಿರಿಯರು ಸೊನ್ನೆ ಹಾಕುವ ಪದ್ಧತಿ ಇಟ್ಟಿದ್ದಕ್ಕೆ ಕೈಮುಗಿದೆ. ಎಕ್ಸೆಲ್‌ಗೆ ಮಾತ್ರ ಈ ಸೊನ್ನೆಗಳ ಮೇಲೆ ಯಾಕೋ ಹಗೆ. ಸಿಎಸ್‌ವಿ (ಕಾಮಾದಿಂದ ಬೇರ್ಪಡಿಸಿದ ಸಾದಾ ಪಠ್ಯ) ಕಡತ ತೆರೆದ ಕೂಡಲೇ ನುಂಗಿಬಿಡುತ್ತದೆ. ಕೊನೆಗೆ ಪಟ್ಟಿಯನ್ನು ಎಕ್ಸೆಲ್ ಕಡತವಾಗಿಯೇ, ಆ ಕಾಲಂಗೆ ಪಠ್ಯ ಅಂತ ಗುರುತು ಹಾಕಿ ಕೊಟ್ಟೆವು.

ಗುರುವಾರ ಸಂಜೆ ಚೀಟಿಯ ಫೋಟೋ ಬಂತು.

ಸರ್ಕಾರ ಹಾಲಿಗೆ ಪ್ರೋತ್ಸಾಹಧನ ಕೊಡುತ್ತದೆ, ಆಗ ಲೀಟರಿಗೆ 5 ರೂಪಾಯಿ. ಅದು ಸಂಘದ ಬಟವಾಡೆಯಲ್ಲಿ ಸೇರುವುದಿಲ್ಲ, ಆದರೆ ಎಷ್ಟು ಬರಬೇಕು ಅಂತ ಚೀಟಿಯ ಕೊನೆಯಲ್ಲಿ ನಾವು ತೋರಿಸುತ್ತೇವೆ. ಲೀಟರ್ ಗುಣಿಸು 5. ಮೊತ್ತ, ದರ ಎಲ್ಲ ಮಷೀನಿನಿಂದಲೇ ಬರುವುದರಿಂದ ನಾವು ಮಾಡುವ ಗುಣಾಕಾರ ಇದೊಂದೇ. ಆರೂವರೆ ಲೀಟರ್ ಹಾಲು ಹಾಕಿದವರ ಚೀಟಿಯಲ್ಲಿ ಮೂವತ್ತೆರಡೂವರೆ ರೂಪಾಯಿ ಬರಬೇಕಾದ ಕಡೆ ಹೀಗಿತ್ತು:

6.56.56.56.56.5

ಒಂದು ಕ್ಷಣ ಏನೋ ಫೋನ್ ನಂಬರು ಅಂದುಕೊಂಡೆ. ಆಮೇಲೆ ಐದು ಸಲ ಎಣಿಸಿದೆ. 6.5 ಅನ್ನುವ ಬರಹ ಐದು ಬಾರಿ ಅಕ್ಕಪಕ್ಕ ನಿಂತಿದೆ. ಪೈಥಾನ್‌ನಲ್ಲಿ ಸ್ಟ್ರಿಂಗನ್ನು ಪೂರ್ಣಾಂಕದಿಂದ ಗುಣಿಸಿದರೆ ಅಷ್ಟು ಸಲ ಪುನರಾವರ್ತನೆ, ಅದು ಆ ಭಾಷೆಯ ನಿಯಮ, ತಪ್ಪಲ್ಲ. ಗುಣಿಸುವುದು 5ರಿಂದ ಅಲ್ಲದೆ ಡೆಸಿಮಲ್ (ದಶಮಾಂಶ ಸಂಖ್ಯೆ) 5.00ರಿಂದ ಆಗಿದ್ದರೆ ಅಲ್ಲೇ ಟೈಪ್‌ಎರರ್ ಬಂದು ನಿಲ್ಲುತ್ತಿತ್ತು. ಇನ್ನೂ ವಿಚಿತ್ರ ಏನೆಂದರೆ, ಅದೇ ಚೀಟಿಯನ್ನು ಮರುಮುದ್ರಣ ಮಾಡಿದರೆ 32.50 ಅಂತ ಸರಿಯಾಗಿ ಬರುತ್ತಿತ್ತು. ಕಾರ್ಯದರ್ಶಿಗಳು ಇದಕ್ಕೊಂದು ಉಪಾಯ ಕಂಡುಕೊಂಡು ಆ ಸಂಜೆ ಎಲ್ಲರಿಗೂ ಎರಡೆರಡು ಚೀಟಿ ಹೊಡೆದು, ಮೊದಲನೆಯದನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದರು.

ಮೊದಲ ಚೀಟಿ ತಪ್ಪು, ಎರಡನೆಯದು ಸರಿ. ಇಲ್ಲಿ ಬಂದಾಗ ಸೋಮವಾರ ಬದಿಗಿಟ್ಟ ಶೆಲ್ ಪ್ರಶ್ನೆಗೂ ಉತ್ತರ ಸಿಕ್ಕಿತು.

ಮೊದಲು ಮಷೀನಿನ ಕಡತ ಓದುವ ಕೋಡು ಸಾಲಿನ ಎಲ್ಲ ಕಾಲಂಗಳನ್ನೂ ಸಂಖ್ಯೆಯಾಗಿ ಪರಿವರ್ತಿಸುತ್ತಿತ್ತು. ಸದಸ್ಯ ಸಂಖ್ಯೆ ಸ್ಟ್ರಿಂಗ್ ಆದದ್ದರಿಂದ ಹುಡುಗ ಆ ಪರಿವರ್ತನೆಯನ್ನೇ ತೆಗೆದ. ಹೇಗೂ ಮಾಡೆಲ್‌ನಲ್ಲಿ ಲೀಟರ್ ಡೆಸಿಮಲ್ ಫೀಲ್ಡ್, ಜಾಂಗೋ ತಾನೇ ನೋಡಿಕೊಳ್ಳುತ್ತದೆ ಅಂತ. ಹೀಗೆ ನಂಬುವವರು ತುಂಬ ಜನ, ನಾನೂ ಬಹಳ ಕಾಲ ನಂಬಿದ್ದೆ. ಜಾಂಗೋ ನೋಡಿಕೊಳ್ಳುವುದು ಡೇಟಾಬೇಸಿಗೆ ಹೋಗುವಾಗ ಮತ್ತು ಅಲ್ಲಿಂದ ಬರುವಾಗ. ನೀವು 6.5 ಎಂಬ ಸ್ಟ್ರಿಂಗ್ ಕೊಟ್ಟು ದಾಖಲೆ ಸೃಷ್ಟಿಸಿದರೆ ಡೇಟಾಬೇಸಿನಲ್ಲಿ ಸಂಖ್ಯೆಯಾಗಿಯೇ ಉಳಿಯುತ್ತದೆ. ನಿಮ್ಮ ಕೈಯಲ್ಲಿರುವ ವಸ್ತುವಿನಲ್ಲಿ ಮಾತ್ರ ನೀವು ಹಾಕಿದ ಸ್ಟ್ರಿಂಗೇ ಹಾಗೇ ಕೂತಿರುತ್ತದೆ. ಕ್ಯಾನಿಗೆ ಎಮ್ಮೆ ಹಾಲು ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ಒಳಗಿನ ಹಸುವಿನ ಹಾಲು ಎಮ್ಮೆಯದಾಗುವುದಿಲ್ಲ. ಮೊದಲ ಚೀಟಿ ಮುದ್ರಣವಾಗುತ್ತಿದ್ದದ್ದು ಆ ಕೈಯಲ್ಲಿರುವ ವಸ್ತುವಿನಿಂದ. ಮರುಮುದ್ರಣ ಡೇಟಾಬೇಸಿನಿಂದ ಹೊಸದಾಗಿ ಓದಿಕೊಂಡು.

ಶೆಲ್‌ನಲ್ಲಿ ಹುಡುಗ ಮಾಡಿದ್ದೂ ಇದೇ. ಪರೀಕ್ಷೆಗೆ ಅಂತ ಒಬ್ಬ ಸದಸ್ಯನನ್ನು ಸೃಷ್ಟಿಸುವಾಗ ಸಂಖ್ಯೆಯ ಜಾಗದಲ್ಲಿ ಉದ್ಧರಣ ಚಿಹ್ನೆಯೊಳಗೆ 47 ಬರೆದಿದ್ದ. ಇಂಟಿಜರ್ ಫೀಲ್ಡ್ ತುಟಿಪಿಟಕ್ ಅನ್ನಲಿಲ್ಲ. ಡಂಡರ್ ಎಸ್‌ಟಿಆರ್ ಆ ಸ್ಟ್ರಿಂಗನ್ನೇ ವಾಪಸ್ ಕೊಟ್ಟಿತು, ಪ್ರಿಂಟ್ ಆಯಿತು. ಅದೇ ಸದಸ್ಯನನ್ನು ಉಳಿಸಿ ಮತ್ತೆ ಓದಿಸಿದ್ದರೆ ಅಲ್ಲೇ ಬೀಳುತ್ತಿತ್ತು. ಸೋಮವಾರ ನಾನು ಈ ಎಳೆಯನ್ನು ಬಿಡದೆ ಹಿಡಿದಿದ್ದರೆ ಗುರುವಾರದ ಚೀಟಿ ಹುಟ್ಟುತ್ತಲೇ ಇರಲಿಲ್ಲ.

ಇದಕ್ಕೆ ದಾರಿ ಎರಡು ಮೂರಿವೆ. ಉಳಿಸುವ ಮುಂಚೆ ಜಾಂಗೋದ ಫುಲ್ ಕ್ಲೀನ್ ಅನ್ನುವ ಮೆಥಡ್ ಕರೆದರೆ ಅದು ಪ್ರತಿ ಫೀಲ್ಡನ್ನೂ ಅದರ ಟೈಪಿಗೆ ತಿರುಗಿಸಿ ವಾಪಸ್ ಇಡುತ್ತದೆ, ತಪ್ಪಿದ್ದರೆ ಹೇಳುತ್ತದೆ. ಉಳಿಸಿದ ಮೇಲೆ ಡೇಟಾಬೇಸಿನಿಂದ ಮತ್ತೆ ಓದಿಸಬಹುದು, ಆದರೆ ಪ್ರತಿ ಚೀಟಿಗೂ ಒಂದು ಪ್ರಶ್ನೆ ಜಾಸ್ತಿ. ನಾವು ಕಡತ ಓದುವ ಬಾಗಿಲಲ್ಲೇ ಕಾಲಂಗೊಂದು ಪರಿವರ್ತನೆ ಇಟ್ಟೆವು: ಸದಸ್ಯ ಸಂಖ್ಯೆ ಸ್ಟ್ರಿಂಗ್, ಲೀಟರ್ ಮತ್ತು ಫ್ಯಾಟ್ ಡೆಸಿಮಲ್. ಡೆಸಿಮಲ್‌ಗೆ ಸ್ಟ್ರಿಂಗಿನಿಂದಲೇ ಹೋಗಬೇಕು, ನಡುವೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ತರಬಾರದು. ಫ್ಯಾಟ್ 4.1 ಇದ್ದದ್ದು ಫ್ಲೋಟ್ ಮೂಲಕ ಡೆಸಿಮಲ್ ಆದರೆ 4.09999999999999964 ಅಂತ ಶುರುವಾಗಿ ಇನ್ನೂ ಉದ್ದಕ್ಕೆ ಹೋಗುತ್ತದೆ. ಸ್ಟ್ರಿಂಗಿನಿಂದ ಹೋದರೆ 4.1 ಅಂದರೆ 4.1.

ಅದರ ಬೆನ್ನಿಗೇ ಒಂದು ಸಣ್ಣ ಹುಡುಗಾಟ. ಚೀಟಿಯಲ್ಲಿ 6.50 ಬೇಡ, ಮೊದಲಿನ ಹಾಗೆ 6.5 ಇರಲಿ ಅಂತ ಯಾರೋ ಕೇಳಿದರು. ಹುಡುಗ ಡೆಸಿಮಲ್‌ನ ನಾರ್ಮಲೈಸ್ ಬಳಸಿದ, ಕೊನೆಯ ಸೊನ್ನೆ ಹೋಯಿತು. ನನ್ನ ಮೇಜಿನ ಮೇಲೆಯೇ 40 ಲೀಟರ್ ಹಾಕಿ ನೋಡಿದೆ: 4ಇ+1. ನಾರ್ಮಲೈಸ್ 40.00ರ ಎಲ್ಲ ಸೊನ್ನೆಗಳನ್ನೂ ಕಿತ್ತು ವಿಜ್ಞಾನಿಗಳ ಬರಹ (4 ಗುಣಿಸು 10) ಕೊಡುತ್ತದೆ. ಹತ್ತು ಹಸು ಕಟ್ಟಿಕೊಂಡವರಿಗೆ ನಾಲ್ಕು ಇ ಪ್ಲಸ್ ಒಂದು ಲೀಟರ್ ಅಂತ ಚೀಟಿ ಕೊಟ್ಟಿದ್ದರೆ ಹಾಲು ಖಾಸಗಿಯವರಿಗೆ ಹಾಕುತ್ತಿದ್ದರು. ಎಲ್ಲರಿಗೂ ಎರಡು ದಶಮಾಂಶ ಅಂತ ತೀರ್ಮಾನವಾಯಿತು, 6.50 ಅಂತಲೇ ಇರಲಿ.

ಕೊನೆಯದು ನಾನು ನಿರೀಕ್ಷಿಸಿರಲಿಲ್ಲ. ಸದಸ್ಯ ಸಂಖ್ಯೆ ಹಾಕಿ ಹುಡುಕುವ ಪೆಟ್ಟಿಗೆ ಕಾರ್ಯದರ್ಶಿಗಳ ಮೊಬೈಲಿನಲ್ಲಿ ಕೆಲಸ ಮಾಡುತ್ತಿಲ್ಲ, ಕಂಪ್ಯೂಟರಿನಲ್ಲಿ ಮಾಡುತ್ತದೆ. ಮುಂಚೆ ಎರಡರಲ್ಲೂ ಆಗುತ್ತಿತ್ತು. ಸ್ಕ್ರೀನ್‌ಶಾಟ್ ತರಿಸಿಕೊಂಡೆ. ಪೆಟ್ಟಿಗೆಯಲ್ಲಿ ೦೦೪೭ ಅಂತಿತ್ತು. ಅವರ ಫೋನಿನ ಕನ್ನಡ ಕೀಬೋರ್ಡು ಕನ್ನಡ ಅಂಕಿಯನ್ನೇ ಕೊಡುತ್ತದೆ, ಅವರಿಗೆ ಅದೇ ಸಲೀಸು.

ಇಂಟಿಜರ್ ಇದ್ದ ಕಾಲದಲ್ಲಿ ಹುಡುಕುವ ಕೋಡು ಬಂದದ್ದನ್ನು ಇಂಟ್ ಮಾಡಿಕೊಳ್ಳುತ್ತಿತ್ತು. ಪೈಥಾನ್‌ನ ಇಂಟ್‌ಗೆ ಕನ್ನಡ ಅಂಕಿ ಬರುತ್ತದೆ! ಯುನಿಕೋಡ್‌ನಲ್ಲಿ ದಶಮಾನ ಅಂಕಿ ಎಂದು ಗುರುತಿಸಿದ ಯಾವ ಲಿಪಿಯ ಅಂಕಿಯಾದರೂ ಅದು ಓದಿಕೊಳ್ಳುತ್ತದೆ. ೪೭ ಕೊಟ್ಟರೂ 47. ಡೆಸಿಮಲ್ ಕೂಡ ಹಾಗೇ. ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಸಂಖ್ಯೆಯೇ ಅಲ್ಲ ಅನ್ನುತ್ತದೆ. ಎರಡು ವರ್ಷದಿಂದ ನಮಗೇ ಗೊತ್ತಿಲ್ಲದೆ ಸಿಗುತ್ತಿದ್ದ ಈ ಸೌಕರ್ಯ, ಸ್ಟ್ರಿಂಗ್ ಆದ ದಿನ ಹೋಯಿತು. ಸ್ಟ್ರಿಂಗ್ ಲೋಕದಲ್ಲಿ ೦೦೪೭ ಬೇರೆ, 0047 ಬೇರೆ. ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಯುನಿಕೋಡ್ ನಾರ್ಮಲೈಸೇಶನ್ ಇದನ್ನು ಸರಿಮಾಡುತ್ತದೆ ಅಂದುಕೊಂಡು ಎನ್‌ಎಫ್‌ಕೆಸಿ ಎಂಬ ಅದರ ಒಂದು ಬಗೆಯನ್ನು ಓಡಿಸಿ ನೋಡಿದೆ. ಅದು ಚೀನೀ, ಜಪಾನೀ ಬರಹದಲ್ಲಿ ಬರುವ ಅಗಲದ ಅಂಕಿಗಳನ್ನು ಮಾಮೂಲಿ ಅಂಕಿ ಮಾಡುತ್ತದೆ, ಕನ್ನಡದ ಹತ್ತನ್ನು ಮುಟ್ಟುವುದಿಲ್ಲ. ಹತ್ತು ಅಂಕಿಯ ಒಂದು ಬದಲಿ ಪಟ್ಟಿ ಬರೆದು ಹುಡುಕಾಟಕ್ಕೂ ಸದಸ್ಯರ ಫಾರ್ಮಿಗೂ ಹಾಕಿದೆ. ಉಳಿಸುವಾಗ ಎಲ್ಲವೂ ಒಂದೇ ಬಗೆಯ ಅಂಕಿ, ಟೈಪ್ ಮಾಡುವವರು ಅವರಿಗೆ ಬೇಕಾದ್ದು ಮಾಡಲಿ. ಒಮ್ಮೆ ಕನ್ನಡ ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಂದಿತ್ತು, ನೋಡಲು ಎರಡೂ ಒಂದೇ. ಅದನ್ನು ಮಾತ್ರ ತಪ್ಪು ಅಂತಲೇ ತೋರಿಸುತ್ತೇವೆ.

ಈಗ ಮಾಡೆಲ್‌ಗಳ ಜೊತೆ ಒಂದು ಪುಟ್ಟ ಟೆಸ್ಟ್ ಇದೆ: ಪ್ರತಿ ಮಾಡೆಲ್‌ನಿಂದ ಒಂದೊಂದು ದಾಖಲೆ ಮಾಡಿ, ಉಳಿಸಿ, ಡೇಟಾಬೇಸಿನಿಂದ ಮತ್ತೆ ಓದಿ, ಎಸ್‌ಟಿಆರ್ ಕರೆಯುತ್ತದೆ. ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. "ಮತ್ತೆ ಓದಿ" ಅನ್ನುವ ಮೆಟ್ಟಿಲು ಬಿಟ್ಟರೆ ಇದೂ ಹುಡುಗನ ಶೆಲ್ ಪರೀಕ್ಷೆಯ ಹಾಗೇ ಸುಳ್ಳು ಹೇಳುತ್ತದೆ.

ಡ್ರಾಪ್‌ಡೌನ್ ಕಥೆ ಮುಗಿದಿರಲಿಲ್ಲ. ನಂಬರೊಂದೇ ಬಂದರೆ ಯಾರು ಅಂತ ತಿಳಿಯುವುದಿಲ್ಲ, ಮುಂದೆ ಹೆಸರೂ ಇರಲಿ ಅಂದರು. ಹಾಕಿದೆವು. ಹೆಸರಿನ ಜೊತೆ ಕೋಂ, ಬಿನ್ ಇದ್ದರೆ ಒಳ್ಳೆಯದು, ಎಲ್ಲ ದಾಖಲೆಯಲ್ಲೂ ಹಾಗೇ ಬರೆಯುವುದು ಅಂದರು. ಅದನ್ನೂ ಹಾಕಿದೆವು: 0047 ಲಕ್ಷ್ಮಮ್ಮ ಕೋಂ ತಿಮ್ಮಯ್ಯ. ಹಾಗಾದರೆ ಹೆಸರಿಗೆ ಮೊದಲಿರುವ ನಂಬರು ತೆಗೆದುಬಿಡಲೇ, ಸಾಲು ಉದ್ದವಾಯಿತು, ಮೊಬೈಲಿನಲ್ಲಿ ಕತ್ತರಿಸುತ್ತದೆ ಅಂತ ಕೇಳಿದೆ.

"ಬ್ಯಾಡಿ ಸಾರ್," ಅಂದರು. "0212 ಲಕ್ಷ್ಮಮ್ಮನ ಯಜಮಾನ್ರೂ ತಿಮ್ಮಯ್ಯನೇ."